ಪೇಂಟ್‌ಬಾಲ್ ಮೈದಾನದಲ್ಲಿ ಮಾಸ್ಕ್ ಮುಖದ ಮೇಲೇ ಉಳಿಯಬೇಕಾದರೆ

ಬಣ್ಣ ತುಂಬಿದ ಗುಂಡನ್ನು ಗನ್ನಿನಿಂದ ಎದುರಾಳಿಗೆ ಹೊಡೆದು ಆಡುವ ಆಟ ಪೇಂಟ್‌ಬಾಲ್. ಅದರ ಗುಂಡಿನ ಅಳತೆ 0.68 ಇಂಚು, ತೂಕ ಸುಮಾರು 3 ಗ್ರಾಂ. ಗನ್ನಿನಿಂದ ಅದು ಹೊರಡುವುದು ಸೆಕೆಂಡಿಗೆ 280 ಅಡಿಯಂತೆ, ಅಂದರೆ ಗಂಟೆಗೆ 300 ಕಿ.ಮೀ. ದಾಟಿದ ವೇಗ. ಮೈಗೆ ತಗುಲಿದರೆ ಬಾಸುಂಡೆ ಬರುತ್ತದೆ, ಕೆಲವು ದಿನದಲ್ಲಿ ಮಾಯುತ್ತದೆ. ಬರಿಗಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಹಾಗಾಗಿ ಮೈಸೂರಿನ ಹೊರವಲಯದ ನಮ್ಮ ಮೈದಾನದಲ್ಲಿ ಎಲ್ಲ ಏರ್ಪಾಡೂ ಒಂದೇ ಪ್ರಶ್ನೆಯ ಸುತ್ತ ಇದೆ: ಆಟಗಾರ ಮಾಸ್ಕ್ ಎತ್ತುವುದು ಯಾಕೆ? ‘ಮಾಸ್ಕ್ ತೆಗೀಬೇಡಿ’ ಎಂದು ಬೋರ್ಡ್ ಹಾಕಿದರೆ ಸಾಲದು. ಎತ್ತಬೇಕು ಅನ್ನಿಸುವ ಕಾರಣಗಳನ್ನೇ ಮೊದಲು ತೆಗೆಯಬೇಕು.

ದೊಡ್ಡ ಕಾರಣ ಲೆನ್ಸ್ ಮಂಜಾಗುವುದು. ಆಷಾಢದ ಜಿಟಿಜಿಟಿ ಮಳೆಯಲ್ಲಿ, ಡಿಸೆಂಬರಿನ ಬೆಳಗಿನಲ್ಲಿ ಇದು ಹೆಚ್ಚು. ಬಿಸಿ ಉಸಿರು ತಣ್ಣನೆಯ ಲೆನ್ಸಿಗೆ ತಾಗಿ ಹನಿಗಟ್ಟುತ್ತದೆ. ಎರಡು ಪದರದ ಥರ್ಮಲ್ ಲೆನ್ಸ್ ಇದ್ದರೆ ಅರ್ಧ ಗೆದ್ದಂತೆ; ಒಂದೇ ಪದರದ ಅಗ್ಗದ ಮಾಸ್ಕನ್ನು ನಾವು ಬಾಡಿಗೆಗೆ ಇಡುವುದಿಲ್ಲ. ಧೂಳಿಗೆಂದು ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಬರುವವರಿಗೆ ಅದನ್ನು ಬಿಚ್ಚಲು ಹೇಳುತ್ತೇವೆ, ಏಕೆಂದರೆ ಬಟ್ಟೆ ತಡೆದ ಉಸಿರೆಲ್ಲ ಮೇಲೆ ಕಣ್ಣಿನ ಕಡೆಗೇ ಹೋಗುತ್ತದೆ. ಕನ್ನಡಕದವರಿಗೆ ಅಗಲವಾದ ಮಾಸ್ಕನ್ನೇ ಬೇರೆಯಾಗಿ ಇಟ್ಟಿದ್ದೇವೆ. ಹಾರ್ಡ್‌ವೇರ್ ಅಂಗಡಿಯ ಗಾಗಲ್ಸ್ ಎಷ್ಟೇ ಗಟ್ಟಿ ಕಂಡರೂ ಬೇಡ. ಮಾಸ್ಕಿನ ಮೇಲೆ ಎಎಸ್‌ಟಿಎಂ ಎಫ್1776 (ಪೇಂಟ್‌ಬಾಲ್ ಕಣ್ಣಿನ ರಕ್ಷಣೆಯ ಮಾನದಂಡ) ಗುರುತು ಇರಬೇಕು.

ಇಷ್ಟಾದರೂ ಮಂಜು ಕವಿದರೆ ಏನು ಮಾಡಬೇಕೆಂದು ಆಟಕ್ಕೆ ಮುಂಚೆ ಆಡಿಸಿಯೇ ತೋರಿಸುತ್ತೇವೆ: ಇದ್ದಲ್ಲೇ ಕೂತು, ಒಂದು ಕೈ ಎತ್ತಿ, ‘ಅಣ್ಣಾ, ಕಾಣಿಸ್ತಿಲ್ಲ’ ಎಂದು ಕೂಗಬೇಕು. ಆಟ ನೋಡಿಕೊಳ್ಳುವ ಮಾರ್ಷಲ್ ಸೀಟಿ ಊದಿ ಆಟ ನಿಲ್ಲಿಸಿ, ಕೈ ಹಿಡಿದು ಮೈದಾನದ ಸುತ್ತಲಿನ ನೆಟ್ ಆಚೆ ಕರೆತರುತ್ತಾರೆ. ಮಾಸ್ಕ್ ತೆಗೆಯುವುದು ಅಲ್ಲಿಯೇ.

ಮಾಸ್ಕಿನ ಪಟ್ಟಿ ತಲೆಯ ಹಿಂದಿನ ಉಬ್ಬಿನ ಕೆಳಗೆ ಕೂರಬೇಕು. ಜಡೆ, ತುರುಬಿನ ಮೇಲೆ ಹಾದರೆ ಓಡುವಾಗ ಜಾರುತ್ತದೆ. ಗಲ್ಲದ ಕೆಳಗಿಂದ ಎರಡು ಬೆರಳಿನಲ್ಲಿ ಒತ್ತಿ ನೋಡುತ್ತೇವೆ. ಮಾಸ್ಕ್ ಮೇಲೆದ್ದರೆ ಪಟ್ಟಿ ಸಡಿಲ ಎಂದರ್ಥ.

ಲೆನ್ಸ್ ಒರೆಸುವುದಕ್ಕೆ ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆ ಸಾಕು. ಥಿನ್ನರ್, ಅಮೋನಿಯ ಇರುವ ಗ್ಲಾಸ್ ಕ್ಲೀನರ್ ಲೆನ್ಸಿನ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನಲ್ಲಿ ಕಣ್ಣಿಗೆ ಕಾಣದ ಬಿರುಕು ಎಬ್ಬಿಸುತ್ತವೆ. ಅಂಥ ಲೆನ್ಸ್ ಮುಂದಿನ ಹೊಡೆತಕ್ಕೆ ಒಡೆಯಬಹುದು. ಥರ್ಮಲ್ ಲೆನ್ಸನ್ನು ಬಕೆಟಿನಲ್ಲಿ ಮುಳುಗಿಸಿದರೆ ಪದರಗಳ ನಡುವೆ ನೀರು ಹೊಕ್ಕು ಮತ್ತೆ ಬರುವುದೇ ಇಲ್ಲ. ತೀರಾ ಹತ್ತಿರದಿಂದ ಗುಂಡು ತಿಂದ ಲೆನ್ಸನ್ನು, ಗೀರಿಲ್ಲದಿದ್ದರೂ, ಬದಲಿಸುತ್ತೇವೆ.

ಇನ್ನು ವೇಗ. ಹೊರಾಂಗಣದಲ್ಲಿ ಮೇಲ್ಮಿತಿ ಸೆಕೆಂಡಿಗೆ 300 ಅಡಿ; ಬಾಡಿಗೆ ಗನ್‌ಗಳನ್ನು ನಾವು 280ಕ್ಕೆ ನಿಲ್ಲಿಸುತ್ತೇವೆ. ಪ್ರತಿ ಗನ್ನಿನಿಂದ, ವೇಗ ಅಳೆಯುವ ಕ್ರೋನೋಗ್ರಾಫ್ ಮೇಲೆ ಐದಾರು ಗುಂಡು ಹಾರಿಸಿ, ಸರಾಸರಿ ಬಿಟ್ಟು, ಎಲ್ಲಕ್ಕಿಂತ ಹೆಚ್ಚಿನ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ಬೆಳಿಗ್ಗೆ ಒಮ್ಮೆ ನೋಡಿದರೆ ಮುಗಿಯಲಿಲ್ಲ. ಗುಂಡನ್ನು ತಳ್ಳುವ ಕಾರ್ಬನ್ ಡೈಆಕ್ಸೈಡ್ ಟ್ಯಾಂಕಿನ ಒತ್ತಡ ಬಿಸಿಯ ಜೊತೆ ಏರುತ್ತದೆ: 21 ಡಿಗ್ರಿಯಲ್ಲಿ ಸುಮಾರು 850 ಪಿಎಸ್‌ಐ (ಒತ್ತಡದ ಅಳತೆ), 31 ಡಿಗ್ರಿ ದಾಟಿದರೆ ಒಳಗೆ ದ್ರವವೇ ಉಳಿಯುವುದಿಲ್ಲ. ಮೈಸೂರು, ಮಂಡ್ಯದ ಏಪ್ರಿಲ್ ಮಧ್ಯಾಹ್ನ 35 ದಾಟುವುದು ಸಾಮಾನ್ಯ. ಬೆಳಿಗ್ಗೆ 280 ತೋರಿಸಿದ ಗನ್ ಆಗ ಮಿತಿ ಮೀರಬಹುದು. ಒತ್ತಡವನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಇರುವ ಗಾಳಿಯ ಟ್ಯಾಂಕಿಗೆ ಈ ಕಾಟ ಬಹಳ ಕಡಿಮೆ, ನಮ್ಮ ಸಲಹೆ ಅದೇ. ಯಾವುದಾದರೂ ಸರಿ, ಟ್ಯಾಂಕನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಊಟದ ನಂತರ ಮತ್ತೆ ಕ್ರೋನೋ ಮಾಡಿ.

ಟ್ಯಾಂಕಿನಲ್ಲಿ ಇನ್ನೊಂದು ಅಪಾಯವಿದೆ, ಬಹಳ ಮಂದಿ ಗಮನಿಸುವುದೇ ಇಲ್ಲ. ಗನ್ನಿನಿಂದ ಟ್ಯಾಂಕ್ ತಿರುಗಿಸಿ ತೆಗೆಯುವಾಗ ಕೆಲವೊಮ್ಮೆ ವಾಲ್ವ್ ಗನ್ನಿನಲ್ಲೇ ಉಳಿದು, ಟ್ಯಾಂಕಿನ ಬಾಟಲಿ ಅದರಿಂದ ಬಿಚ್ಚಿಕೊಳ್ಳುತ್ತದೆ. ಹಾಗೆ ಹಾರಿದ ಟ್ಯಾಂಕ್ ಪ್ರಾಣ ತೆಗೆಯುತ್ತದೆ. ವಾಲ್ವ್ ಮತ್ತು ಬಾಟಲಿ ಎರಡರ ಮೇಲೂ ಹಾಯುವಂತೆ ನೇಲ್ ಪಾಲಿಶಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ತುಂಡಾಗಿ ಅಕ್ಕಪಕ್ಕ ಸರಿದಿದ್ದರೆ ತಿರುಗಿಸುವುದನ್ನು ಅಲ್ಲಿಗೇ ನಿಲ್ಲಿಸಿ, ಟ್ಯಾಂಕನ್ನು ತಿಳಿದವರ ಕೈಗೆ ಕೊಡಿ.

ನೆಲಕ್ಕೆ ಬಿದ್ದ ಗುಂಡನ್ನು ಹೆಕ್ಕಿ ತುಂಬಲು ಬಿಡಬಾರದು. ಜೆಲಾಟಿನ್ ಚಿಪ್ಪು ತೇವ ಹೀರಿ ಉಬ್ಬಿ ಗನ್ನಿನ ನಳಿಗೆಯಲ್ಲಿ (ಬ್ಯಾರೆಲ್) ಒಡೆಯುತ್ತದೆ, ಅಂಟಿದ ಮಣ್ಣು, ಕಲ್ಲು ಲೆನ್ಸಿಗೆ ಹೊಡೆಯುತ್ತದೆ. 10 ಅಡಿಗಿಂತ ಹತ್ತಿರ ಸಿಕ್ಕಿದವರಿಗೆ ಗುಂಡು ಹಾರಿಸದೆ ‘ಶರಣಾಗು’ ಅನ್ನಬೇಕು.

ಮೈದಾನದ ವಿಚಾರ ಬೇಗ ಹೇಳುತ್ತೇವೆ. ನೆಟ್ 15 ಅಡಿಗೆ ಕಡಿಮೆ ಬೇಡ; ಬಿಸಿಲಿಗೆ ನೂಲು ಪುಡಿಯಾಗುವುದರಿಂದ ವಾರಕ್ಕೊಮ್ಮೆ ಎಳೆದು ನೋಡಬೇಕು. ಅಡಗಲು ಇಟ್ಟ ಟೈರುಗಳಿಗೆ ತೂತು ಕೊರೆಯಿರಿ, ನೀರು ನಿಂತರೆ ಡೆಂಗ್ಯೂ ಸೊಳ್ಳೆ. ಲಂಟಾನ, ಕಾಂಗ್ರೆಸ್ ಗಿಡ ಸವರಿ, ಬೆಳಿಗ್ಗೆ ಕೋಲಿನಿಂದ ಬಡಿದುಕೊಂಡು ಒಂದು ಸುತ್ತು ಬನ್ನಿ. ಮಂಡಿಯೂರಿ ಅಡಗುವ ಜಾಗದಲ್ಲೇ ಕೊಳಕುಮಂಡಲ ಹಾವು ಮಲಗಿರುತ್ತದೆ.

ಆಟ ಮುಗಿದಾಗಲೇ ಜನ ಮೈಮರೆಯುವುದು. ಅದಕ್ಕೇ ಕ್ರಮ ಬದಲಾಗಕೂಡದು: ಸೀಟಿ, ಬ್ಯಾರೆಲ್ ಬಾಯಿಗೆ ಕವರ್, ಟ್ರಿಗರ್ ತಡೆಯುವ ಸೇಫ್ಟಿ, ಮಾರ್ಷಲ್ ಪ್ರತಿ ಗನ್ನಿನ ಕವರ್ ಮುಟ್ಟಿ ನೋಡುವುದು, ನೆಟ್ ಆಚೆ ಹೋಗುವುದು, ಕೊನೆಗೆ ಮಾಸ್ಕ್. ಟ್ಯಾಂಕ್ ಬಿಚ್ಚಿದ ಮೇಲೂ ಗನ್ನಿನೊಳಗೆ ಉಳಿದ ಗಾಳಿಗೆ ಒಂದೆರಡು ಗುಂಡು ಹಾರುತ್ತವೆ. ಆದ್ದರಿಂದ ಗುಂಡು ತುಂಬಿದ ಡಬ್ಬಿ (ಹಾಪರ್) ತೆಗೆದು, ನೆಲದ ಕಡೆ ಹಿಡಿದು, ಸದ್ದು ನಿಲ್ಲುವ ತನಕ ಟ್ರಿಗರ್ ಒತ್ತಿ ಖಾಲಿ ಮಾಡುತ್ತೇವೆ. ಈ ಕೆಲಸ ಮಾಡುವವರೂ ಮಾಸ್ಕ್ ಹಾಕಿಕೊಂಡೇ ಮಾಡಬೇಕು.