ಅಮೆರಿಕದಲ್ಲಿ ನರ್ಸಿಂಗ್ ಮುಗಿಸಿದ್ದೀರಾ? ರೆಸಿಡೆನ್ಸಿಗೆ ಅರ್ಜಿ ಹಾಕೋದು ಹೀಗೆ

ನನಗೆ ನರ್ಸ್ ರೆಸಿಡೆನ್ಸಿ ಸಿಕ್ಕಿತು ಅಂತ ಊರಿಗೆ ಫೋನ್ ಮಾಡಿದಾಗ ನಮ್ಮ ದೊಡ್ಡಮ್ಮ ಕೇಳಿದ್ದು ಒಂದೇ ಮಾತು: "ಅದು ಡಾಕ್ಟರಿಗಲ್ವೇನೇ ಇರೋದು?" ಅವರದೇನೂ ತಪ್ಪಿಲ್ಲ. ಟೆಕ್ಸಾಸ್‌ನಲ್ಲಿ ನನ್ನ ಜೊತೆ ಓದಿದ ಎಷ್ಟೋ ಜನಕ್ಕೂ ಕೊನೆಯ ಸೆಮಿಸ್ಟರ್‌ವರೆಗೆ ಇದರ ಬಗ್ಗೆ ಸರಿಯಾಗಿ ಗೊತ್ತಿರಲಿಲ್ಲ.

ಡಾಕ್ಟರುಗಳಿಗೆ ಇರುವ 'ಮ್ಯಾಚ್' ಥರದ್ದು, ಅಂದರೆ ಒಂದೇ ಕಡೆಯಿಂದ ಎಲ್ಲರಿಗೂ ಆಸ್ಪತ್ರೆ ಹಂಚುವ ವ್ಯವಸ್ಥೆ, ನಮಗಿಲ್ಲ. ಒಂದೊಂದು ಆಸ್ಪತ್ರೆಯ ವೆಬ್‌ಸೈಟಿಗೂ ಹೋಗಿ ನಾವೇ ಅರ್ಜಿ ಹಾಕಬೇಕು. ರೆಸಿಡೆನ್ಸಿ ಅಂದರೆ ಹೊಸ ನರ್ಸುಗಳಿಗೆ ಮೊದಲ ದಿನದಿಂದ ಸಂಬಳ ಬರುವ ಕೆಲಸ, ಜೊತೆಗೆ ಸಾಮಾನ್ಯವಾಗಿ ಒಂದು ವರ್ಷದ ತರಬೇತಿ. ಮೊದಲ ಕೆಲವು ತಿಂಗಳು ಪ್ರಿಸೆಪ್ಟರ್, ಅಂದರೆ ಕೆಲಸ ಕಲಿಸುವ ಅನುಭವಿ ನರ್ಸ್, ಪಕ್ಕದಲ್ಲೇ ಇರುತ್ತಾರೆ, ಐಸಿಯು ಆದರೆ ಇನ್ನೂ ಜಾಸ್ತಿ ದಿನ. ಆಮೇಲೆ ಆಗಾಗ ಕ್ಲಾಸು, ಕೊನೆಗೊಂದು ಚಿಕ್ಕ ಪ್ರಾಜೆಕ್ಟ್. ಅನೇಕ ಆಸ್ಪತ್ರೆಗಳು ಬಳಸುವ ವಿಜಿಯೆಂಟ್-ಎಎಸಿಎನ್ ರೆಸಿಡೆನ್ಸಿ ಕಾರ್ಯಕ್ರಮ ಶುರುವಾಗಿದ್ದು 2002ರಲ್ಲಿ. ಆಸ್ಪತ್ರೆಗಳು ಇಷ್ಟೆಲ್ಲ ಖರ್ಚು ಮಾಡುವುದಕ್ಕೆ ಕಾರಣ ಇದೆ. ಎಷ್ಟೋ ಹೊಸ ನರ್ಸುಗಳು ಮೊದಲ ವರ್ಷದಲ್ಲೇ ಸುಸ್ತಾಗಿ, ಹೆದರಿ ಕೆಲಸ ಬಿಟ್ಟು ಹೋಗುತ್ತಾರೆ. ಇದನ್ನು ನೆನಪಿಟ್ಟುಕೊಳ್ಳಿ, ಯಾಕಂದರೆ ರೆಸ್ಯೂಮೆ ನೋಡುವವರಿಗೂ ಇಂಟರ್‌ವ್ಯೂ ಮಾಡುವವರಿಗೂ ಒಳಗೊಳಗೇ ಇರುವ ಪ್ರಶ್ನೆ ಎರಡೇ: ಇವಳ ಕೈಯಲ್ಲಿ ರೋಗಿ ಸುರಕ್ಷಿತವಾಗಿ ಇರುತ್ತಾರಾ? ಇವಳು ಇಲ್ಲೇ ಉಳಿಯುತ್ತಾಳಾ?

ಮೊದಲು ದಿನಾಂಕದ ವಿಷಯ. ಕಾಲೇಜು ಮುಗಿಯುವುದು ಹೆಚ್ಚಾಗಿ ಮೇ ಮತ್ತು ಡಿಸೆಂಬರ್‌ನಲ್ಲಿ, ಹೊಸ ಬ್ಯಾಚುಗಳೂ ಅದಕ್ಕೆ ಹೊಂದಿಕೊಂಡೇ ಶುರುವಾಗುತ್ತವೆ. ಅರ್ಜಿ ಮಾತ್ರ ನಾಲ್ಕೈದು ತಿಂಗಳು ಮುಂಚೆಯೇ ತೆರೆಯಬಹುದು, ಒಂದು ವಾರಕ್ಕೇ ಮುಚ್ಚಲೂಬಹುದು. ನಾನು ಒಂದು ಆಸ್ಪತ್ರೆಗೆ "ಭಾನುವಾರ ರೆಸ್ಯೂಮೆ ತಿದ್ದಿ ಸೋಮವಾರ ಹಾಕೋಣ" ಅಂದುಕೊಂಡಿದ್ದೆ. ಸೋಮವಾರ ಬೆಳಗ್ಗೆ ನೋಡಿದರೆ ಪೋಸ್ಟಿಂಗೇ ಇಲ್ಲ! ಆವತ್ತೇ ಒಂದು ಎಕ್ಸೆಲ್ ಶೀಟ್ ಮಾಡಿದೆ: ಆಸ್ಪತ್ರೆ, ಅರ್ಜಿ ತೆರೆಯುವ ದಿನ, ಮುಚ್ಚುವ ದಿನ, ಬಿಎಸ್‌ಎನ್ (ನರ್ಸಿಂಗ್ ಪದವಿ) ಕಡ್ಡಾಯವಾ, ಎಷ್ಟು ಶಿಫಾರಸು ಪತ್ರ ಬೇಕು, ಎಷ್ಟು ವಿಭಾಗಕ್ಕೆ ಹಾಕಬಹುದು. ಕೊನೆಯ ಸೆಮಿಸ್ಟರ್ ಶುರುವಾಗುವ ಮುಂಚೆಯೇ ಇದನ್ನು ಮಾಡಿಟ್ಟುಕೊಳ್ಳಿ, ಜಾಬ್ ಅಲರ್ಟನ್ನೂ ಹಾಕಿಡಿ.

ಇನ್ನೂ ಓದುತ್ತಿದ್ದೀರಾ? ಹಾಗಿದ್ದರೆ ಈ ಬರಹದಲ್ಲಿ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಇದೊಂದೇ ಮಾತು: ನಿಮಗೆ ಇಷ್ಟವಾದ ಆಸ್ಪತ್ರೆಯಲ್ಲಿ ನರ್ಸ್ ಟೆಕ್ ಅಥವಾ ಸಿಎನ್‌ಎ (ಎರಡೂ ನರ್ಸುಗಳ ಸಹಾಯಕರ ಹುದ್ದೆ) ಆಗಿ ವಾರಕ್ಕೊಂದು ಶಿಫ್ಟಾದರೂ ಸೇರಿಕೊಳ್ಳಿ. ಮ್ಯಾನೇಜರ್‌ಗೆ ನಿಮ್ಮ ಮುಖ ಗೊತ್ತಿರುತ್ತದೆ, ನೀವು ರೋಗಿ ಕರೆಯುವ ಕಾಲ್ ಲೈಟ್ ಹೊತ್ತಿದರೆ ಎದ್ದು ಹೋಗುವವರಾ ಇಲ್ಲವಾ ಅನ್ನುವುದೂ ಗೊತ್ತಿರುತ್ತದೆ. ಎಂಥ ಒಳ್ಳೆಯ ಜಿಪಿಎ ಇದ್ದರೂ ಇದಕ್ಕೆ ಸಮ ಬರುವುದಿಲ್ಲ.

ಕಾಗದಪತ್ರದಲ್ಲಿ ನಮ್ಮವರು ಎಡವುವ ಜಾಗ ಕೆಲವಿವೆ. ಒಂದು, ಹೆಸರು. ಇನಿಷಿಯಲ್ ಇರುವ ಹೆಸರು ಪಾಸ್‌ಪೋರ್ಟಿನಲ್ಲಿ ಒಂದು ಥರ, ಕಾಲೇಜಿನಲ್ಲಿ ಒಂದು ಥರ, ಮದುವೆಯಾದ ಮೇಲೆ ಮಾಡಿಸಿದ ಡ್ರೈವಿಂಗ್ ಲೈಸೆನ್ಸಿನಲ್ಲಿ ಇನ್ನೊಂದು ಥರ. ಎನ್‌ಕ್ಲೆಕ್ಸ್‌ಗೆ (ನರ್ಸ್ ಲೈಸೆನ್ಸಿಗಾಗಿ ಬರೆಯುವ ಪರೀಕ್ಷೆ) ನೋಂದಾಯಿಸಿದ ಹೆಸರೂ ಪರೀಕ್ಷೆಯ ದಿನ ತೋರಿಸುವ ಗುರುತಿನ ಚೀಟಿಯ ಹೆಸರೂ ಒಂದೇ ಆಗಿರಬೇಕು, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಎರಡು, ಬಿಸಿಜಿ. ಚಿಕ್ಕಂದಿನಲ್ಲಿ ನಮ್ಮ ತೋಳಿಗೆ ಹಾಕಿದ ಆ ಟಿಬಿ ಲಸಿಕೆಯಿಂದ, ಕೆಲಸಕ್ಕೆ ಸೇರುವಾಗ ಮಾಡುವ ಚರ್ಮದ ಟಿಬಿ ಪರೀಕ್ಷೆ ಸುಳ್ಳು ಪಾಸಿಟಿವ್ ಬರಬಹುದು, ಆಮೇಲೆ ಎಕ್ಸ್‌ರೇ, ಓಡಾಟ. ಮೊದಲೇ ಹೇಳಿ ಕ್ವಾಂಟಿಫೆರಾನ್ ರಕ್ತಪರೀಕ್ಷೆ ಮಾಡಿಸಿಕೊಳ್ಳಿ, ಅದಕ್ಕೆ ಬಿಸಿಜಿಯ ಕಾಟ ಇಲ್ಲ. ಮೂರು, ವೀಸಾ. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಓದಿದವರಿಗೆ ಓಪಿಟಿ (ಓದಿಗೆ ಸಂಬಂಧಿಸಿದ ಕೆಲಸ ಮಾಡುವ ಅನುಮತಿ) 12 ತಿಂಗಳು, ವಿಜ್ಞಾನ-ತಂತ್ರಜ್ಞಾನ ಪದವಿಗಳಿಗೆ ಇರುವ ಸ್ಟೆಮ್ ವಿಸ್ತರಣೆ ನರ್ಸಿಂಗ್‌ಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಗಂಡ ಅಥವಾ ಹೆಂಡತಿಯ ಜೊತೆ ಎಚ್-4 ವೀಸಾದಲ್ಲಿ ಇರುವವರಿಗೆ ಇಎಡಿ, ಅಂದರೆ ಕೆಲಸದ ಅನುಮತಿ ಚೀಟಿ, ಕೈಯಲ್ಲಿರಬೇಕು. ಅರ್ಜಿಯಲ್ಲಿ "ಮುಂದೆ ಸ್ಪಾನ್ಸರ್‌ಶಿಪ್ ಬೇಕಾ" ಅಂತ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ಕರ್ನಾಟಕದಲ್ಲೇ ಬಿ.ಎಸ್‌ಸಿ. ನರ್ಸಿಂಗ್ ಮಾಡಿ, ನಾಲ್ಕೈದು ವರ್ಷ ವಾರ್ಡಿನಲ್ಲಿ ದುಡಿದು ಇಲ್ಲಿಗೆ ಬರುವವರೂ ನನ್ನನ್ನು ಕೇಳುತ್ತಾರೆ. ನೀವು ಎನ್‌ಕ್ಲೆಕ್ಸನ್ನು ಬೆಂಗಳೂರಿನಲ್ಲೇ ಬರೆಯಬಹುದು. ಆದರೆ ರೆಸಿಡೆನ್ಸಿ ಹೆಚ್ಚಾಗಿ ಒಂದು ವರ್ಷಕ್ಕಿಂತ ಕಡಿಮೆ ಅನುಭವ ಇರುವವರಿಗೆ ಅಂತಲೇ ಇರುತ್ತದೆ. ನಿಮ್ಮ ಅನುಭವವನ್ನು ಮುಚ್ಚಿಟ್ಟು ಹೊಸಬರ ಸಾಲಿನಲ್ಲಿ ನಿಲ್ಲಬೇಡಿ, ಅನುಭವಿ ನರ್ಸುಗಳ ಹುದ್ದೆಗೇ ಹಾಕಿ.

ರೆಸ್ಯೂಮೆ ಒಂದೇ ಪುಟ ಇರಲಿ. ಕ್ಯಾಪ್‌ಸ್ಟೋನ್ (ಓದಿನ ಕೊನೆಯಲ್ಲಿ ಆಸ್ಪತ್ರೆಯಲ್ಲಿ ಮಾಡುವ ತರಬೇತಿ) ಎಲ್ಲಿ, ಯಾವ ವಿಭಾಗ, ಎಷ್ಟು ಗಂಟೆ ಅನ್ನುವುದು ಮೇಲೆ. ಬಿಎಲ್‌ಎಸ್, ಅಂದರೆ ಪ್ರಾಥಮಿಕ ಜೀವರಕ್ಷಣೆಯ ಸರ್ಟಿಫಿಕೇಟ್, ಇರಲೇಬೇಕು. ರೋಗಿಗಳ ದಾಖಲೆ ಇಡುವ ಎಪಿಕ್ ಅಥವಾ ಸರ್ನರ್ ಸಾಫ್ಟ್‌ವೇರ್ ಬಳಸಿದ್ದರೆ ಬರೆಯಿರಿ. ನನ್ನ ಹಾಗೆ ಸಾಫ್ಟ್‌ವೇರ್ ಬಿಟ್ಟು ಬಂದವರು ಹಳೆಯ ಕೆಲಸವನ್ನು ಮುಚ್ಚಿಡುತ್ತಾರೆ, ಯಾಕೋ ನಾಚಿಕೆ. ನಾನೂ ಮೊದಲು ಮುಚ್ಚಿಟ್ಟಿದ್ದೆ. ಬೆಂಗಳೂರಿನಲ್ಲಿ ಆರು ವರ್ಷ ಟೆಸ್ಟಿಂಗ್ ಮಾಡಿದ್ದೆ, ಅಂದರೆ ತಪ್ಪು ಹುಡುಕಿ, ಯಾವಾಗ ಏನಾಯಿತು ಅಂತ ಸ್ಪಷ್ಟವಾಗಿ ಬರೆದಿಡುವ ಕೆಲಸ. ರೋಗಿಯ ದಾಖಲೆ ಬರೆಯುವ ಚಾರ್ಟಿಂಗ್ ಕೂಡ ಅದೇ ಅಲ್ವಾ? ಅದನ್ನು ಎರಡು ಸಾಲಿನಲ್ಲಿ ಸೇರಿಸಿದ ಮೇಲೆಯೇ ನನಗೆ ಇಂಟರ್‌ವ್ಯೂ ಕರೆ ಬರಲು ಶುರುವಾಗಿದ್ದು.

ಶಿಫಾರಸು ಪತ್ರಕ್ಕೆ ಕ್ಲಿನಿಕಲ್ ಇನ್‌ಸ್ಟ್ರಕ್ಟರನ್ನೇ ಕೇಳಿ. ಸಂಕೋಚ ಬೇಡ. ಅವರ ಎದುರಿಗೆ ನೀವು ಮಾಡಿದ ಎರಡು ಕೆಲಸಗಳನ್ನು ಮೇಲ್‌ನಲ್ಲಿ ನೆನಪಿಸಿ. ಪತ್ರ ಕೇಳಿ ಆಸ್ಪತ್ರೆ ಕಳಿಸಿದ ಲಿಂಕ್ ಕೆಲವು ಸಲ ಅವರ ಸ್ಪ್ಯಾಮಿಗೆ ಹೋಗಿ ಕೂತಿರುತ್ತದೆ, ಅದನ್ನೂ ಒಮ್ಮೆ ಕೇಳಿ ನೋಡಿ.

ಇನ್ನು ಇಂಟರ್‌ವ್ಯೂ. ನನ್ನನ್ನು ಮೊದಲ ಸಲ ಸೋಲಿಸಿದ್ದು ಒಂದೇ ಒಂದು ಪದ. ಕ್ಯಾಪ್‌ಸ್ಟೋನ್‌ನಲ್ಲಿ ಆಪರೇಷನ್ ಆದ ಎರಡನೇ ದಿನದ ಒಬ್ಬ ರೋಗಿ ಇದ್ದರು. ಬಿಪಿ ಸರಿಯಾಗೇ ಇತ್ತು. ನಾಡಿ ಮಾತ್ರ 88 ಇದ್ದದ್ದು ಬೆಳಗಿನೊಳಗೆ 112 ಆಗಿತ್ತು. ಮಾತಿಗೆ ಮಾತು ಸೇರಿಸುತ್ತಿದ್ದವರು ಸುಮ್ನೆ ಗೋಡೆ ನೋಡುತ್ತಿದ್ದರು. ನನಗೆ ಸರಿ ಅನ್ನಿಸಲಿಲ್ಲ, ಪ್ರಿಸೆಪ್ಟರ್‌ಗೆ ಹೇಳಿದೆ. ರ‍್ಯಾಪಿಡ್ ರೆಸ್ಪಾನ್ಸ್ ಟೀಮ್ (ತುರ್ತಿಗೆ ಓಡಿ ಬರುವ ತಂಡ) ಬಂತು, ಒಳಗೆ ರಕ್ತಸ್ರಾವ ಆಗುತ್ತಿತ್ತು. ಇಂಟರ್‌ವ್ಯೂನಲ್ಲಿ ಇದನ್ನೇ ಹೇಳಿದೆ, ಆದರೆ ಹೇಗೆ? "ನಾವು ಗಮನಿಸಿದೆವು, ನಾವು ತಿಳಿಸಿದೆವು, ನಮ್ಮ ಟೀಮ್..." ಮ್ಯಾನೇಜರ್ ಮಧ್ಯದಲ್ಲೇ ತಡೆದು "ನೀವು ಏನು ಮಾಡಿದಿರಿ?" ಅಂತ ಕೇಳಿದರು. ನಾನು ತಡವರಿಸಿದೆ. ನಾನು ನಾನು ಅನ್ನಬಾರದು ಅಂತ ಹೇಳಿಸಿಕೊಂಡೇ ಬೆಳೆದವರು ನಾವು, ನಾಲಿಗೆ ತಿರುಗುವುದಿಲ್ಲ. ಇಲ್ಲಿ 'ನಾನು' ಅಂದರೆ ಜಂಬ ಅಲ್ಲ, ಆ ಹೊತ್ತಿನಲ್ಲಿ ಜವಾಬ್ದಾರಿ ಯಾರದ್ದಾಗಿತ್ತು ಅನ್ನುವ ಲೆಕ್ಕ. ನಾಡಿ ಎಣಿಸಿದ್ದು ನಾನು, ರಾತ್ರಿಯ ಅಂಕಿಗಳ ಜೊತೆ ಹೋಲಿಸಿದ್ದು ನಾನು, ಹೋಗಿ ಹೇಳಿದ್ದು ನಾನು. ರೋಗಿಯನ್ನು ಉಳಿಸಿದ್ದು ಟೀಮ್. ಎರಡನ್ನೂ ಹಾಗೇ ಬಿಡಿಸಿ ಹೇಳಿ.

ಇಂಥ ಆರೇಳು ಕಥೆಗಳು ನಿಮ್ಮ ಹತ್ತಿರ ಇರಬೇಕು. ಕ್ಲಿನಿಕಲ್ ಮುಗಿಸಿ ಮನೆಗೆ ಬಂದ ದಿನವೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ರೋಗಿಯ ಹೆಸರು, ಗುರುತು ಯಾವುದೂ ಬೇಡ. ಸಿಟ್ಟಾದ ಮಗ, ಒಪ್ಪದ ಡಾಕ್ಟರ್, ನಾಲ್ಕು ಕೆಲಸ ಒಟ್ಟಿಗೇ ಬಂದ ಗಂಟೆ, ನೀವು ತಪ್ಪು ಮಾಡಿದ ಅಥವಾ ಮಾಡುವಷ್ಟರಲ್ಲಿ ತಪ್ಪಿದ ಸಂದರ್ಭ. ಈ ಕೊನೆಯದನ್ನು ಕೇಳೇ ಕೇಳುತ್ತಾರೆ. "ನಾನು ತಪ್ಪೇ ಮಾಡಿಲ್ಲ" ಅನ್ನುವ ಉತ್ತರ ಅವರಿಗೆ ಹೆದರಿಕೆ ಹುಟ್ಟಿಸುತ್ತದೆ. ಹೇಳುವ ಕ್ರಮಕ್ಕೆ ಸ್ಟಾರ್ ಅನ್ನುತ್ತಾರೆ: ಪರಿಸ್ಥಿತಿ, ನಿಮ್ಮ ಪಾಲಿನ ಕೆಲಸ, ಮಾಡಿದ್ದು, ಆದದ್ದು. ಎರಡು ನಿಮಿಷದಲ್ಲಿ ಮುಗಿಸಿ. ಹೈರ್‌ವ್ಯೂ ಥರ ಕ್ಯಾಮೆರಾ ಎದುರು ಒಬ್ಬರೇ ಮಾತಾಡುವ ಸುತ್ತು ಇದ್ದರೆ ಮನೆಯವರನ್ನು ಕೂರಿಸಿಕೊಂಡು ನಾಲ್ಕು ಸಲ ಅಭ್ಯಾಸ ಮಾಡಿ. ನನ್ನ ಗಂಡನಿಗೆ ನನ್ನ ರಕ್ತಸ್ರಾವದ ಕಥೆ ಈಗಲೂ ಬಾಯಿಪಾಠ.

ಯಾವ ವಿಭಾಗ? ಎಲ್ಲರೂ ಐಸಿಯು, ಹೆರಿಗೆ, ಮಕ್ಕಳ ವಾರ್ಡಿಗೇ ಮುಗಿಬೀಳುತ್ತಾರೆ. ನನ್ನ ಮಟ್ಟಿಗೆ ಮೆಡ್-ಸರ್ಜ್, ಅಂದರೆ ಸಾಮಾನ್ಯ ಕಾಯಿಲೆ ಮತ್ತು ಆಪರೇಷನ್ ರೋಗಿಗಳ ವಾರ್ಡು, ಕೀಳಲ್ಲ, ಕೈ ಪಳಗುವುದೇ ಅಲ್ಲಿ. ರಾತ್ರಿ ಪಾಳಿಗೆ ಸಿದ್ಧ ಅಂದರೆ, ದೊಡ್ಡ ಊರಿನಿಂದ ಒಂದೆರಡು ಗಂಟೆ ದೂರ ಹೋಗಲು ಸಿದ್ಧ ಅಂದರೆ ದಾರಿ ತುಂಬಾ ಅಗಲವಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅಣ್ಣನೋ ಅಕ್ಕನೋ ಇದ್ದಾರೆ ಅಂತ ಅಲ್ಲಿಗೆ ಹಾಕುವವರು ಗಮನಿಸಿ: ಒಂದು ರಾಜ್ಯದ ಲೈಸೆನ್ಸ್ ಬೇರೆ ರಾಜ್ಯಗಳಲ್ಲೂ ನಡೆಯುವ ಹಾಗೆ ಮಾಡಿಕೊಂಡ ಒಪ್ಪಂದವಾದ ನರ್ಸ್ ಲೈಸೆನ್ಸ್ ಕಾಂಪ್ಯಾಕ್ಟ್‌ನಲ್ಲಿ ಆ ರಾಜ್ಯ ಇಲ್ಲ. ಟೆಕ್ಸಾಸ್‌ನ ಬಹುರಾಜ್ಯ ಲೈಸೆನ್ಸ್ ಅಲ್ಲಿ ನಡೆಯುವುದಿಲ್ಲ, ಬೇರೆಯೇ ಅರ್ಜಿ ಬೇಕು.

ಕೊನೆಗೆ "ನಿಮ್ಮ ಪ್ರಶ್ನೆ ಏನಾದರೂ ಇದೆಯಾ" ಅಂದಾಗ ಇಲ್ಲ ಅನ್ನಬೇಡಿ. ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು ಅಂತ ಕೇಳಿ. ಕ್ಯಾಲಿಫೋರ್ನಿಯಾದಲ್ಲಿ ಕಾನೂನೇ ಮೆಡ್-ಸರ್ಜ್‌ಗೆ ಐದು ಅಂತ ಮಿತಿ ಹಾಕಿದೆ, ಟೆಕ್ಸಾಸ್‌ನಲ್ಲಿ ಅಂಥ ಅಂಕಿ ಇಲ್ಲ, ಹಾಗಾಗಿ ಕೇಳಿಯೇ ತಿಳಿಯಬೇಕು. ಪ್ರಿಸೆಪ್ಟರ್ ಒಬ್ಬರೇನಾ, ದಿನಕ್ಕೊಬ್ಬರಾ? ತರಬೇತಿ ಸಾಲದಿದ್ದರೆ ವಿಸ್ತರಿಸುತ್ತೀರಾ? ಮತ್ತೆ, ಕರಾರು. ಎರಡು ವರ್ಷ ಇರಲೇಬೇಕು, ಬಿಟ್ಟರೆ ಇಷ್ಟು ಸಾವಿರ ಡಾಲರ್ ಕಟ್ಟಬೇಕು ಅಂತ ಹಲವೆಡೆ ಬರೆಸಿಕೊಳ್ಳುತ್ತಾರೆ. ಒಂದು ಕಡೆ ನನಗೆ ಆ ಕಾಗದವನ್ನು ತೋರಿಸಿದ್ದೇ ಸೇರುವ ಹಿಂದಿನ ವಾರ, ನಾನು ಸೇರಲಿಲ್ಲ. ಆಫರ್ ಒಪ್ಪುವ ಮುಂಚೆಯೇ ಕಾಗದ ತರಿಸಿಕೊಂಡು ಓದಿ. ತಿಂಗಳು ಕಳೆದ ಹಾಗೆ ಆ ಮೊತ್ತ ಇಳಿಯುತ್ತದಾ, ಗಂಡ ಅಥವಾ ಹೆಂಡತಿಯ ಕೆಲಸಕ್ಕೆ ಊರು ಬದಲಾಯಿಸಬೇಕಾದರೆ ಏನು ಗತಿ, ಎಲ್ಲವನ್ನೂ ಕೇಳಿ.

ಸಿಗದೇ ಹೋದರೆ ಮುಂದಿನ ಬ್ಯಾಚಿಗೆ ಮತ್ತೆ ಹಾಕಬಹುದು. ಅಷ್ಟರಲ್ಲಿ ನರ್ಸಿಂಗ್ ಹೋಮ್ ಕೆಲಸ ಹಿಡಿಯುವ ಮುಂಚೆ ಆ ಅನುಭವವೂ ಒಂದು ವರ್ಷದ ಮಿತಿಯ ಲೆಕ್ಕಕ್ಕೆ ಬಂದು ಅರ್ಹತೆ ತಪ್ಪುತ್ತದಾ ಅಂತ ಪೋಸ್ಟಿಂಗ್‌ನಲ್ಲಿ ಓದಿಕೊಳ್ಳಿ. ಕೆಲವು ಆಸ್ಪತ್ರೆಗಳು ಅದನ್ನೂ ಎಣಿಸುತ್ತವೆ, ಕೆಲವು ಇಲ್ಲ.

ಸಿಕ್ಕಿತು ಅಂದುಕೊಳ್ಳಿ. ಸೇರುವ ದಿನದೊಳಗೆ ಲೈಸೆನ್ಸ್ ಕೈಯಲ್ಲಿ ಇರಬೇಕು ಅನ್ನುವುದು ಸಾಮಾನ್ಯ ಷರತ್ತು. ಎನ್‌ಕ್ಲೆಕ್ಸ್‌ನಲ್ಲಿ 85ರಿಂದ 150 ಪ್ರಶ್ನೆ, ಐದು ಗಂಟೆ. ಫೇಲಾದರೆ ಮತ್ತೆ ಬರೆಯಲು ಕನಿಷ್ಠ 45 ದಿನ ಕಾಯಬೇಕು. ಸೇರುವ ದಿನದಿಂದ ಹಿಂದಕ್ಕೆ ಎಣಿಸಿ, ಎರಡನೇ ಪ್ರಯತ್ನಕ್ಕೂ ಜಾಗ ಉಳಿಯುವ ಹಾಗೆ ಮೊದಲ ಪರೀಕ್ಷೆಯ ದಿನ ಬುಕ್ ಮಾಡಿ.