ಬಂಧನದಿಂದ ಕೋರ್ಟಿನವರೆಗೆ: ಆರು ಚೌಕದ ಕಾಮಿಕ್ಸ್ ಬಿಡಿಸುವ ಬಗೆ

ಪತ್ರಿಕೆಯ ಅಪರಾಧ ಸುದ್ದಿ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ: ಕಳ್ಳತನ, ಬಂಧನ, ತಪ್ಪೊಪ್ಪಿಗೆ, ಜೈಲು. ಓದುವವರ ಮನಸ್ಸಿನಲ್ಲಿ ಆರೋಪಿ ಅಷ್ಟರಲ್ಲೇ ಅಪರಾಧಿಯಾಗಿರುತ್ತಾನೆ. ಅದೇ ಸುದ್ದಿಯನ್ನು ಚಿತ್ರವಾಗಿ ಬಿಡಿಸಲು ಕೂತರೆ ಮಾತ್ರ ಪ್ರತಿ ಚೌಕಕ್ಕೂ 'ಇದನ್ನು ಕಂಡವರು ಯಾರು?' ಎಂದು ಕೇಳಲೇಬೇಕಾಗುತ್ತದೆ. ಪಿಯು ವಿದ್ಯಾರ್ಥಿಗಳಾದರೆ ನಾಲ್ವರ ಗುಂಪು, ಎರಡು ಪೀರಿಯಡ್ ಸಾಕು. ಕಡ್ಡಿಗೊಂಬೆ ಬಿಡಿಸಿದರೂ ನಡೆಯುತ್ತದೆ.

ಎ4 ಹಾಳೆಯನ್ನು ಅಡ್ಡ ಇಟ್ಟು, 7.5 ಸೆಂ.ಮೀ. ಅಗಲ, 8 ಸೆಂ.ಮೀ. ಎತ್ತರದ ಚೌಕಗಳನ್ನು ಸಾಲಿಗೆ ಮೂರರಂತೆ ಎರಡು ಸಾಲು ಹಾಕಿ. ಚೌಕಗಳ ನಡುವೆ 2 ಸೆಂ.ಮೀ. ಬಿಡಿ. ಮಾಮೂಲಿ ಕಾಮಿಕ್ಸ್‌ನಲ್ಲಿ ಈ ಜಾಗ ಅರ್ಧ ಸೆಂ.ಮೀ. ಕೂಡ ಇರುವುದಿಲ್ಲ, ಇಲ್ಲಿ ಬೇಕಂತಲೇ ದೊಡ್ಡದು, ಏಕೆಂದರೆ ಪ್ರಶ್ನೆಗಳನ್ನು ಬರೆಯುವುದು ಅಲ್ಲೇ. ಚೌಕಗಳು ಹೀಗೆ: ಘಟನೆ, ದೂರು, ಬಂಧನ, ಠಾಣೆ, ಮ್ಯಾಜಿಸ್ಟ್ರೇಟ್ ಮುಂದೆ, ಜಾಮೀನು ಅಥವಾ ಜೈಲು. ಸುದ್ದಿಯಲ್ಲಿರುವ ಹೆಸರು, ಊರು ಬದಲಿಸಿ. ಲೈಂಗಿಕ ಅಪರಾಧದ ಮತ್ತು ಬಾಲಕರ ಪ್ರಕರಣಗಳನ್ನು ಆರಿಸಲೇಬೇಡಿ. ಅಲ್ಲಿ ಗುರುತು ಬಯಲಾಗುವುದೇ ಅಪರಾಧ.

ಹೆಚ್ಚಿನ ಗುಂಪುಗಳು ಎಡವುವುದು ಮೊದಲ ಚೌಕದಲ್ಲೇ. ಆರೋಪಿ ಬೀಗ ಒಡೆಯುತ್ತಿರುವಂತೆ ಬಿಡಿಸಿಬಿಟ್ಟರೆ ತೀರ್ಪು ಅಲ್ಲೇ ಆಗಿಹೋಯಿತು, ಉಳಿದ ಐದು ಚೌಕಕ್ಕೆ ಕೆಲಸವೇ ಇಲ್ಲ. ದೂರುದಾರರು ಕಂಡದ್ದನ್ನಷ್ಟೇ ಬಿಡಿಸಿ: ಒಡೆದ ಬೀಗ, ಖಾಲಿ ಬೀರು. ಊಹೆಯನ್ನು ತೋರಿಸಲೇಬೇಕಾದರೆ ಚುಕ್ಕೆ ಗೆರೆ ಬಳಸಿ. ಆರೋಪಿಯ ಮುಖಕ್ಕೆ ಗಾಯದ ಗುರುತು, ಕೆದರಿದ ಕೂದಲು, ಮಾಸಿದ ಲುಂಗಿ ಬಂದಿದ್ದರೆ ಅಳಿಸುವ ಮೊದಲು ಕೇಳಿ: ಸುದ್ದಿಯಲ್ಲಿ ಇದಿತ್ತೇ? ಜಡ್ಜ್ ಕೈಗೆ ಸುತ್ತಿಗೆಯನ್ನಂತೂ ಕೊಡಬೇಡಿ. ನಮ್ಮ ಕೋರ್ಟುಗಳಲ್ಲಿ ಅದರ ಬಳಕೆ ಇಲ್ಲ, ಅದು ಸಿನಿಮಾದಿಂದ ಬಂದದ್ದು.

ಮಾತಿನ ಬಲೂನಿಗೂ ನಿಯಮ ಬೇಕು. ಆರೋಪಿ ಮ್ಯಾಜಿಸ್ಟ್ರೇಟ್ ಎದುರು ಆಡಿದ ಮಾತಿಗೆ ಗಟ್ಟಿ ಗೆರೆ. 'ತಪ್ಪೊಪ್ಪಿಕೊಂಡಿದ್ದಾನೆ' ಎಂದು ಪೊಲೀಸರು ಹೇಳಿದ್ದಕ್ಕೆ ಚುಕ್ಕೆ ಗೆರೆ, ಬಲೂನಿನ ಬಾಲ ಪೊಲೀಸರ ಕಡೆಗೆ. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 23ರ ಪ್ರಕಾರ ಪೊಲೀಸರೆದುರು ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ; ಅದರಿಂದ ವಸ್ತುವೇನಾದರೂ ಪತ್ತೆಯಾದರೆ ಅದಕ್ಕೆ ಸಂಬಂಧಿಸಿದ ಭಾಗಕ್ಕೆ ಮಾತ್ರ ವಿನಾಯಿತಿ. 'ಸ್ವಇಚ್ಛಾ ಹೇಳಿಕೆ' (ಆರೋಪಿ ತಾನಾಗಿಯೇ ಕೊಟ್ಟನೆಂದು ಪೊಲೀಸರು ಬರೆದುಕೊಳ್ಳುವ ಹೇಳಿಕೆ) ಎಂಬ ಪದ ಸುದ್ದಿಯಲ್ಲಿ ಕಂಡಾಗಲೆಲ್ಲ ಈ ಬಲೂನು ನೆನಪಾಗಬೇಕು.

ಈಗ ಕೆಂಪು ಪೆನ್ ಹಿಡಿದು ನಡುವಿನ ಜಾಗಗಳಿಗೆ ಬನ್ನಿ. ಇಡೀ ಅಭ್ಯಾಸದ ಜೀವ ಇಲ್ಲಿದೆ, ಅರ್ಧ ಸಮಯ ಇದಕ್ಕೇ ಇಡಿ. ಮೂರನೇ ಮತ್ತು ನಾಲ್ಕನೇ ಚೌಕಗಳ ನಡುವೆ: ಬಂಧಿಸಿದವರ ಎದೆಯ ಮೇಲೆ ಹೆಸರು ಕಾಣುತ್ತಿತ್ತೇ? ಬಂಧನದ ಮೆಮೊ (ಬಂಧನವನ್ನು ದಾಖಲಿಸುವ ಪತ್ರ) ಬರೆದರೇ, ಅದಕ್ಕೆ ಮನೆಯವರೋ ಸ್ಥಳೀಯ ಗಣ್ಯರೋ ಸಾಕ್ಷಿ ಸಹಿ ಹಾಕಿದರೇ? ಬಂಧನದ ಕಾರಣ ತಿಳಿಸಿದರೇ? ಪೊಲೀಸ್ ವಶದಲ್ಲಿನ ಸಾವುಗಳ ಕುರಿತ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಕಡ್ಡಾಯ ಮಾಡಿದ ಹೆಸರುಪಟ್ಟಿ, ಮೆಮೊದಂಥ ಕ್ರಮಗಳು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ (ಬಂಧನ, ತನಿಖೆ, ವಿಚಾರಣೆಯ ಕಾನೂನು) ಇವೆ. ನಾಲ್ಕು ಮತ್ತು ಐದರ ನಡುವೆ ಗಡಿಯಾರ ಬಿಡಿಸಿ. ಸಂವಿಧಾನದ 22ನೇ ವಿಧಿಯಂತೆ, ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಸುದ್ದಿಯಲ್ಲಿ ಬಂಧನದ ಗಂಟೆಯೇ ಇಲ್ಲದಿದ್ದರೆ ಮುಳ್ಳುಗಳನ್ನು ಬಿಡಿಸಬೇಡಿ, ಖಾಲಿ ಗಡಿಯಾರವೇ ಇರಲಿ.

ಕೊನೆಯ ಚೌಕಕ್ಕೆ ಅನೇಕರು ಕಂಬಿ ಎಳೆದು 'ಶಿಕ್ಷೆ' ಎಂದು ಬರೆಯುತ್ತಾರೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರಲ್ಲಿ ನೂರಕ್ಕೆ ಸುಮಾರು 75 ಮಂದಿ ವಿಚಾರಣಾಧೀನ ಕೈದಿಗಳು, ಅಂದರೆ ಶಿಕ್ಷೆ ಇನ್ನೂ ಆಗದವರು. 'ಜಾಮೀನಿಗೆ ಶ್ಯೂರಿಟಿ ಯಾರು ಕೊಡಬೇಕು?' ಎಂಬುದನ್ನು ಆ ಚೌಕದ ಪಕ್ಕದಲ್ಲೇ ಬರೆಯಿರಿ.

ಸಮಯ ಉಳಿದರೆ ಠಾಣೆಯ ಚೌಕವನ್ನು ಇನ್ನೊಂದು ಹಾಳೆಯಲ್ಲಿ ನೆಲದ ಮೇಲೆ ಕೂತವನ ಕಣ್ಣಿನಿಂದ ಮತ್ತೆ ಬಿಡಿಸಿ. ಆಗ ಬೂಟು, ಮೇಜಿನ ಅಡಿಭಾಗ, ಲಾಠಿಯ ತುದಿ ಮೊದಲು ಕಾಣುತ್ತವೆ. ಅದೇ ಕೋಣೆಯನ್ನು ಮೇಜಿನಾಚೆ ಕೂತು ದೂರು ಬರೆದುಕೊಳ್ಳುತ್ತಿರುವ ಪಿಎಸ್‌ಐ ಕಣ್ಣಿನಿಂದಲೂ ಬಿಡಿಸಿ. ಪೊಲೀಸರನ್ನು ಖಳನಾಯಕರನ್ನಾಗಿಸುವುದೂ ಆರೋಪಿಯನ್ನು ಆಗಿಸಿದಷ್ಟೇ ಸೋಮಾರಿ ಚಿತ್ರ.

ಉತ್ತರ ಸಿಗದ ಕೆಂಪು ಪ್ರಶ್ನೆಗಳನ್ನು ಒಂದು ಹಾಳೆಗೆ ಇಳಿಸಿ, ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ವಕೀಲರೊಬ್ಬರನ್ನು ಕರೆಸಿ. ಪ್ರಶ್ನೆಗಳು ಮೊದಲೇ ಅವರ ಕೈಸೇರಲಿ, ಇಲ್ಲವಾದರೆ ಭಾಷಣ ಕೇಳಿ ಏಳಬೇಕಾಗುತ್ತದೆ.