ಒಂದೇ ಚೀಲದಲ್ಲಿ ಹಾಸ್ಟೆಲ್ ಹಾಸಿಗೆ: ನನ್ನ ಅನುಭವ

ಹಾಸ್ಟೆಲ್ ಕೋಣೆಗೆ ಬೇಕಾದ ಹಾಸುವ-ಹೊದೆಯುವ ಬಟ್ಟೆಯೆಲ್ಲ ಒಂದೇ ಚೀಲದಲ್ಲಿ, ಹೆಚ್ಚುಕಮ್ಮಿ 6 ಕೆಜಿಯಲ್ಲಿ ಮುಗಿಯುತ್ತದೆ ಎಂದಾಗ ಯಾರೂ ಒಪ್ಪಿರಲಿಲ್ಲ. ದಪ್ಪ ರಜಾಯಿ ಇಲ್ಲದೆ ಚಳಿ ತಡೆಯದು, ಹಾಸಿಗೆಯ ಮೇಲೆ ಹಾಸುವ ಮೆತ್ತನೆ ಫೋಮ್ ಪದರ, ಅಂದರೆ ಟಾಪರ್, ಇಲ್ಲದೆ ಬೆನ್ನು ಉಳಿಯದು ಎನ್ನುವುದೇ ಎಲ್ಲರ ವಾದ. ಮೂರನೇ ವರ್ಷಕ್ಕೆ ಲೆಕ್ಕ ಸರಿಹೋಯಿತು. ಮೊದಲ ವರ್ಷದ ಗಂಟು 12 ಕೆಜಿ ದಾಟಿತ್ತು.

ಹೆಚ್ಚು ದುಡ್ಡು ಹಾಳಾಗಿದ್ದು ಅಳತೆಯಲ್ಲಿ. ಒಬ್ಬರು ಮಲಗುವ ಹಾಸಿಗೆಯಲ್ಲಿ ಎರಡು ಅಳತೆ: ಟ್ವಿನ್ 75 ಇಂಚು ಉದ್ದ, ಟ್ವಿನ್ ಎಕ್ಸ್‌ಎಲ್ 80 ಇಂಚು. ಅಗಲ ಎರಡಕ್ಕೂ 38. ಐದು ಇಂಚು ತಾನೇ ಎಂದು ಚಿಕ್ಕ ಫಿಟೆಡ್ ಶೀಟನ್ನು (ಮೂಲೆಗಳಲ್ಲಿ ಎಲಾಸ್ಟಿಕ್ ಇರುವ ಶೀಟು) ಎಳೆದು ಕೂರಿಸಿದರೆ ಮಧ್ಯರಾತ್ರಿ ಒಂದೊಂದೇ ಮೂಲೆ ಕಳಚಿಕೊಳ್ಳುತ್ತದೆ. ಮೂಲೆಯ ಆಳವೂ ಅಷ್ಟೇ ಮುಖ್ಯ. ಹಾಸಿಗೆ 15 ಸೆಂಮೀ, ಮೇಲೆ ಟಾಪರ್ 5, ಅಡಿಗೆ ಮಡಚಿ ಹಿಡಿಯಲು 8–10. ಅಂದರೆ 30 ಸೆಂಮೀ ಆಳ ಬೇಕು. ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ನೂರಕ್ಕೆ 3ರಿಂದ 5ರಷ್ಟು ಕುಗ್ಗಬಹುದು. 2 ಮೀಟರ್ ಉದ್ದದಲ್ಲಿ ಅದು 10 ಸೆಂಮೀವರೆಗೂ ಆಯಿತು. ಮನೆಯಲ್ಲೇ ಒಮ್ಮೆ ಒಗೆದು, ಒಣಗಿಸಿ, ಆಮೇಲೆ ಅಳೆಯಬೇಕು. ಅದಕ್ಕೇ ಈಗ ನನ್ನದು ಎಲಾಸ್ಟಿಕ್ ಇಲ್ಲದ ಸಾದಾ ಶೀಟು: ಅಗಲ 180 ಸೆಂಮೀ, ಉದ್ದ 280. ಒಬ್ಬರು ಮಲಗುವ ಯಾವ ಮಂಚಕ್ಕೂ ಆಗುತ್ತದೆ. ಹಾಸಿಗೆ ತೀರಾ ಜಾರುವಂಥದ್ದಾದರೆ ಶೀಟಿನ ನಾಲ್ಕು ತುದಿಗೂ ಗಂಟು ಹಾಕಿ ಅಡಿಗೆ ತುರುಕಿದರೆ ಅಲುಗಾಡುವುದಿಲ್ಲ.

ದಾರದ ಎಣಿಕೆಗೆ, ಅಂದರೆ ಒಂದು ಚದರ ಇಂಚು ಬಟ್ಟೆಯಲ್ಲಿ ಎಷ್ಟು ದಾರ ಎನ್ನುವ ಸಂಖ್ಯೆಗೆ, ದುಡ್ಡು ಸುರಿಯಬೇಡಿ. 200ರಿಂದ 400ರೊಳಗಿನ ಪರ್ಕೇಲ್, ಅಂದರೆ ಒತ್ತಾದ ಸಾದಾ ನೇಯ್ಗೆ, ಸಾಕು. ಅದಕ್ಕಿಂತ ಬಹಳ ದೊಡ್ಡ ಸಂಖ್ಯೆ ಬರೆದಿದ್ದರೆ, ಎಷ್ಟೋ ಸಲ ಒಂದು ದಾರದ ಎಳೆಗಳನ್ನೇ ಬಿಡಿಬಿಡಿಯಾಗಿ ಎಣಿಸಿರುತ್ತಾರೆ. ಸ್ಯಾಟೀನ್ ಎಂಬ ಹೊಳಪಿನ ನೇಯ್ಗೆ ಮುಟ್ಟಲು ನುಣುಪು, ಆದರೆ ಮಂಚದ ಒರಟು ಅಂಚಿಗೆ ಸಿಕ್ಕಿ ಎಳೆ ಬಿಡುತ್ತದೆ.

ಇನ್ನು ರಜಾಯಿ. ನನ್ನ ಹಳೆಯದು ಮೂರೂವರೆ ಕೆಜಿ. ಹಾಸ್ಟೆಲ್ ವಾಷಿಂಗ್ ಮಷೀನಿನಲ್ಲಿ ನೀರು ಕುಡಿದು ಉಬ್ಬಿ, ಡ್ರಮ್ಮಿನೊಳಗೆ ತಿರುಗಲೇ ಇಲ್ಲ. ಮೇಲೆಲ್ಲ ಒಣಗಿದಂತಿತ್ತು, ನಡುವೆ ತೇವ ಉಳಿದು ಮುಗ್ಗಲು ವಾಸನೆ ಹಿಡಿಯಿತು. ಈಗ ಅದರ ಬದಲು ತೆಳು ಹೊದಿಕೆ ಎರಡು: 1.1 ಕೆಜಿಯ ಹತ್ತಿಯದು ಒಂದು, 1.3 ಕೆಜಿಯ ಫ್ಲೀಸ್ ಒಂದು. ಎರಡರ ನಡುವೆ ಸಿಕ್ಕಿದ ಗಾಳಿಯೇ ಬೆಚ್ಚಗಿಡುತ್ತದೆ. ಸೆಕೆಗೆ ಒಂದು, ಚಳಿಗೆ ಎರಡು. ಒಂದನ್ನು ಒಗೆಯಲು ಹಾಕಿದ ದಿನವೂ ಇನ್ನೊಂದು ಮೈಮೇಲಿರುತ್ತದೆ. ಎರಡಕ್ಕೂ ಸೇರಿ ರಜಾಯಿಯ ಅರ್ಧದಷ್ಟೂ ಖರ್ಚಾಗಲಿಲ್ಲ. ಯಾವುದು ಮೇಲೆ, ಯಾವುದು ಕೆಳಗೆ ಎಂದೂ ಕೆಲವು ರಾತ್ರಿ ಬದಲಿಸಿ ನೋಡಿದೆ. ಫ್ಲೀಸ್ ಕೆಳಗಿದ್ದಾಗ ಬೆಚ್ಚಗೇನೋ ಇತ್ತು, ಬೆಳಗಿನ ಹೊತ್ತಿಗೆ ಬೆವರು. ಹತ್ತಿಯೇ ಮೈಗೆ ತಾಗಬೇಕು.

ಟಾಪರನ್ನು ಮೊದಲ ದಿನವೇ ಹೊತ್ತು ಹೋಗಬೇಡಿ. 5 ಸೆಂಮೀ ಮೆಮೊರಿ ಫೋಮ್ ಸುಮಾರು 5 ಕೆಜಿ, ಹತ್ತಿರ ಹತ್ತಿರ 100 ಲೀಟರ್ ಜಾಗ. ಎರಡು ವಾರ ಹಾಸಿಗೆಯ ಮೇಲೆ ಹಾಗೇ ಮಲಗಿ ನೋಡಿ, ಬೇಕೇ ಬೇಕೆನಿಸಿದರೆ ಆಮೇಲೆ ಕೊಳ್ಳಿ. ನನಗೆ ಬೇಕಾಗಲಿಲ್ಲ. ಗಾಳಿ ಎಳೆಯುವ ಚೀಲದಲ್ಲಿ ಅದನ್ನು ಒತ್ತಿಟ್ಟೂ ನೋಡಿದ್ದೇನೆ. ಗಾತ್ರ ಇಳಿಯುತ್ತದೆ, ತೂಕ ಇಳಿಯುವುದಿಲ್ಲ. ಸೂಜಿಮೊನೆಯಷ್ಟು ತೂತಾದರೂ ದಾರಿಯಲ್ಲೇ ಉಬ್ಬಿ ಹೊರಚೀಲದ ಜಿಪ್ಪನ್ನು ಕೀಳುತ್ತದೆ.

ಟಾಪರಿನ ದುಡ್ಡು ಉಳಿಸಿ, ಜಿಪ್ಪಿರುವ ಪೂರ್ತಿ ಹಾಸಿಗೆ ಕವರಿಗೆ ಹಾಕಿ. ಮೇಲುಭಾಗ ಬಟ್ಟೆ, ಒಳಗೆ ನೀರು ತಡೆಯುವ ಪದರ ಇರುವಂಥದ್ದು. ಹಾಸ್ಟೆಲ್ ಹಾಸಿಗೆಯ ರೆಕ್ಸಿನ್ ಹೊದಿಕೆಯ ಮೇಲೆ ನೇರವಾಗಿ ಶೀಟು ಹಾಸಿದರೆ ಬೆನ್ನು ಬೆವರುತ್ತದೆ, ಶೀಟೂ ಜಾರುತ್ತದೆ.

ಚೀಲ ತುಂಬುವಾಗ ಬೇಕಾಗುವ ಕ್ರಮವನ್ನು ತಿರುಗಿಸಬೇಕು. ತಳದಲ್ಲಿ ಎರಡನೇ ಶೀಟು ಮತ್ತು ಟವೆಲ್ಲುಗಳು, ಮೇಲೆ ಹೊದಿಕೆಗಳು, ಆಮೇಲೆ ದಿಂಬು, ಮೊದಲ ಶೀಟು, ಎಲ್ಲಕ್ಕೂ ಮೇಲೆ ಹಾಸಿಗೆ ಕವರು. ಕೋಣೆಗೆ ಕಾಲಿಟ್ಟು ಹತ್ತು ನಿಮಿಷಕ್ಕೆ ಹಾಸಿಗೆ ಸಿದ್ಧ. ಚೀಲ ಮೆತ್ತನೆಯದಿರಲಿ, ಖಾಲಿಯಾದ ಗಟ್ಟಿ ಸೂಟ್‌ಕೇಸು ಮಂಚದ ಕೆಳಗಿನ ಜಾಗವನ್ನೆಲ್ಲ ನುಂಗುತ್ತದೆ. ಹೊದಿಕೆ ಎರಡನ್ನೂ ದಿಂಬಿನ ಕವರುಗಳೊಳಗೇ ಹಿಡಿಯುವಂತೆ ಮಡಚುವ ಒಂದು ಉಪಾಯ ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ.

ಚೀಲ ಬಿಚ್ಚುವ ಮೊದಲು ತಿಗಣೆ ನೋಡಲೇಬೇಕು. ಚೀಲವನ್ನು ಹಾಸಿಗೆಯ ಮೇಲಿಡದೆ ಬಚ್ಚಲ ನೆಲದ ಮೇಲಿಡಿ. ಟಾರ್ಚು ಹಿಡಿದು ಹಾಸಿಗೆಯ ಹೊಲಿಗೆ, ಮಂಚದ ಸಂದು, ಸ್ಕ್ರೂ ತೂತುಗಳನ್ನು ನೋಡಿ, ಗಟ್ಟಿ ಕಾರ್ಡಿನ ಅಂಚನ್ನು ಸಂದಿನಲ್ಲಿ ಎಳೆಯಿರಿ. ಶಾಯಿ ಚುಕ್ಕೆಯಂಥ ಕಪ್ಪು ಕಲೆಯೋ ತಿಗಣೆ ಕಳಚಿದ ತೆಳು ಸಿಪ್ಪೆಯೋ ಕಂಡರೆ ಏನನ್ನೂ ಹಾಸದೆ ವಾರ್ಡನ್‌ಗೆ ಹೇಳಿ. ಬಟ್ಟೆಗೆ ತಿಗಣೆ ಹತ್ತಿಕೊಂಡಿದ್ದರೆ 60 ಡಿಗ್ರಿ ಬಿಸಿನೀರಿನ ಒಗೆತ, ಇಲ್ಲವೇ ಡ್ರೈಯರಿನ ಜೋರು ಬಿಸಿಯಲ್ಲಿ ಅರ್ಧ ಗಂಟೆ. ಈ ಬಿಸಿಗೆ ಫ್ಲೀಸ್ ಮುದುಡಬಹುದು, ಲೇಬಲ್ ನೋಡಿಕೊಂಡೇ ಹಾಕಿ.